ಏಳನೇ ಕಂಬದ ತಂತಿ

ಕಾರ್ಹು ಗುಡ್ಡ ಸ್ಕೀ ಕೇಂದ್ರ
ಹ್ಯಾಮರ್ ಲೇಕ್, ಮಿಷಿಗನ್
ಮಾರ್ಚ್ 4, 2014

ಪ್ರೀತಿಯ ಬಾಸ್,

ನೀವು ನಿವೃತ್ತರಾಗಿ ನಾಲ್ಕು ವರ್ಷವಾದರೂ ನಿಮ್ಮನ್ನು ಬೇರೆ ಹೆಸರಿನಿಂದ ಕರೆಯಲು ನನಗೆ ಬರುವುದಿಲ್ಲ. ಡುಲೂತ್‌ನಲ್ಲಿ ತಂಗಿಯ ಮನೆ ಹೇಗಿದೆ? ಮಂಡಿ ನೋವು ಕಡಿಮೆಯಾಯಿತೇ?

ಒಳ್ಳೆಯ ಸುದ್ದಿ. ನಮ್ಮ ಭಾಗದ ಸ್ಕೀ ಗುಡ್ಡಗಳ ಸಂಘ ಈ ವರ್ಷದ ‘ಮಾರ್ಗದರ್ಶಕಿ’ ಪ್ರಶಸ್ತಿಗೆ ನಿಮ್ಮನ್ನು ಆರಿಸಿದೆ. ಶಿಫಾರಸು ಬರೆದವನು ನಾನೇ. ಇವತ್ತು ಒಂಬತ್ತು ಗುಡ್ಡಗಳನ್ನು ನಡೆಸುತ್ತಿರುವವರು ನಿಮ್ಮ ಕೈಕೆಳಗೆ ಕೆಲಸ ಕಲಿತವರು, ಅವರಲ್ಲಿ ನಾನೂ ಒಬ್ಬ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಹಿಮಸಲಿಕೆಯನ್ನೂ ನೆಟ್ಟಗೆ ಹಿಡಿಯಲು ಬಾರದವನಾಗಿ ಬಂದೆ, ನೀವು ಮನುಷ್ಯನನ್ನಾಗಿ ಮಾಡಿದಿರಿ. ಮೇ 8ರಂದು ಗ್ರೀನ್ ಬೇಯಲ್ಲಿ ಔತಣ. ವೇದಿಕೆಯ ಮೇಲೆ ಪ್ರಶಸ್ತಿಯನ್ನು ನಿಮ್ಮ ಕೈಗೆ ಕೊಡುವ ಭಾಗ್ಯ ನನ್ನದು.

ಸಂಘದ ವಾರ್ತಾಪತ್ರವನ್ನು ಜೊತೆಗೆ ಇಟ್ಟಿದ್ದೇನೆ. ಮೂರನೇ ಪುಟದಲ್ಲಿ ನಮ್ಮ ಗುಡ್ಡದ ಚಿತ್ರವೂ ಬಂದಿದೆ. ಫೆಬ್ರವರಿ 8ರ ಬೆಳಿಗ್ಗೆ ಸಂಘದ ಅಧ್ಯಕ್ಷರು ಬಂದಿದ್ದಾಗ ತೆಗೆದದ್ದು.

ಅದೇ ದಿನ ಮಧ್ಯಾಹ್ನ ಆದದ್ದು ನಿಮ್ಮ ಕಿವಿಗೂ ಬಿದ್ದಿರಬೇಕು. ಏಳನೇ ಕಂಬದಲ್ಲಿ ಕುರ್ಚಿ ಲಿಫ್ಟಿನ ಹಗ್ಗ ಗಾಲಿಯಿಂದ ಜಾರಿತು. ಸ್ಕೂಲ್ ಬಸ್ ಓಡಿಸುವ ಡೋರೀನ್ ಗುಡ್ಡ ಹತ್ತುತ್ತಿದ್ದ ಕುರ್ಚಿಯಿಂದ ಬಿದ್ದು ಸೊಂಟ ಮುರಿದುಕೊಂಡಳು. ಕಂಬದಲ್ಲಿ ತಂತಿ ಹಾಗೇ ಉಳಿದುಬಿಟ್ಟಿತ್ತು. ಮೆಕ್ಯಾನಿಕ್ ಆರ್ವೊ ಅವರನ್ನು ಕೆಲಸದಿಂದ ಬಿಡಿಸಬೇಕಾಯಿತು. ಮನಸ್ಸಿಗೆ ಬಹಳ ಕಷ್ಟವಾಯಿತು. ಅವರಿಗೂ ವಯಸ್ಸಾಯಿತು.

ನಿಮ್ಮ ಒಪ್ಪಿಗೆ ತಿಳಿಸಿ.

ನಿಮ್ಮ
ಕ್ಲೇಟನ್ ಬೋಡ್ರಿ


ಡುಲೂತ್
ಮಾರ್ಚ್ 9, 2014

ಕ್ಲೇಟನ್,

ಪ್ರೀತಿ ಗೀತಿ ಎಲ್ಲ ಆಮೇಲೆ. ನಿನ್ನೆಯಿಂದ ನಾಲ್ಕು ಸಲ ಫೋನ್ ಮಾಡಿದ್ದೀಯ. ನಾನು ಎತ್ತುವುದಿಲ್ಲ. ಬಾಯಿಮಾತಿನಲ್ಲಿ ನೀನು ಜಾಣ. ಕಾಗದದಲ್ಲಿ ಬರೆ. ಬರೆದದ್ದನ್ನು ವಾಪಸು ನುಂಗಲಾಗುವುದಿಲ್ಲ.

ಪ್ರಶಸ್ತಿಗೆ ಅರ್ಧ ಪುಟ, ಆರ್ವೊಗೆ ಮೂರು ಸಾಲು! ಮೂವತ್ತನಾಲ್ಕು ವರ್ಷ ಆ ಲಿಫ್ಟಿನ ಪ್ರತಿ ಗಾಲಿಯನ್ನೂ ಕೈಯಿಂದ ಮುಟ್ಟಿ ನೋಡಿದ ಮನುಷ್ಯ ಅವನು. ‘ಅವರಿಗೂ ವಯಸ್ಸಾಯಿತು’ ಅಂತೆ. ನಿನ್ನ ಬುದ್ಧಿಗೆ ವಯಸ್ಸಾಗಿದೆ.

ಅವನ ಹೆಂಡತಿ ಎಲ್ಸಿ ಫೋನ್ ಮಾಡಿದ್ದಳು. ಅತ್ತುಕೊಂಡೇ ಹೇಳಿದಳು. “ಲೆಂಪಿ, ಇವ್ರು ಪೇಟೆ ಕಡೆ ಹೋಗೋದೇ ಬಿಟ್ಬಿಟ್ಟಿದಾರೆ ಕಣೇ. ಮೊನ್ನೆ ಹಾರ್ಡ್‌ವೇರ್ ಅಂಗಡೀಲಿ ಯಾವನೋ, ‘ಏನಪ್ಪಾ ಆರ್ವೊ, ಇವತ್ತು ಯಾವ ತಂತಿ ಮರ್ತು ಬಂದೆ?’ ಅಂದ್ನಂತೆ. ಎಲ್ಲಾ ನಕ್ರಂತೆ. ತಗೊಂಡಿದ್ದ ಮೊಳೆ ಅಲ್ಲೇ ಇಟ್ಟು ಬಂದ್ಬಿಟ್ರು.” ಗುಡ್ಡದ ಲಾಡ್ಜಿನ ಬಾಗಿಲಿಗೆ ಆಡಳಿತ ಸಮಿತಿಯ ಚೀಟಿ ಹೊಡೆದಿದ್ದಾರಂತೆ, ಮೆಕ್ಯಾನಿಕ್‌ನ ತಪ್ಪಿನಿಂದ ಅಪಘಾತ ಎಂದು, ಅವನ ಹೆಸರು ಸಮೇತ. ಅದರ ಕೆಳಗೆ ನಿನ್ನ ಸಹಿಯಂತೆ.

ಮೊದಲ ವರ್ಷ ಹೇಳಿಕೊಟ್ಟ ಪಾಠವನ್ನು ಮತ್ತೆ ಹೇಳಬೇಕೇನು? ಹೇಳುತ್ತೇನೆ, ಕೇಳು. ಹಗ್ಗ ಜಾರಿದರೆ ಆ ಕಂಬದ ಕಡ್ಡಿ ಮುರಿದು ಕರೆಂಟು ಕಡಿಯಬೇಕು, ಲಿಫ್ಟ್ ತಾನಾಗಿಯೇ ನಿಲ್ಲಬೇಕು. ಕೊರೆಯುವ ಚಳಿಯಲ್ಲಿ ಏನೂ ಆಗದಿದ್ದರೂ ಅದು ಸುಮ್ಮನೆ ನಿಲ್ಲುತ್ತದೆ. ಆಗ ದೋಷ ಎಲ್ಲಿದೆ ಎಂದು ಹುಡುಕಲು, ಹುಡುಕುವಷ್ಟು ಹೊತ್ತು ಮಾತ್ರ, ಕಂಬಕ್ಕೆ ಒಂದು ತುಂಡು ತಂತಿ ಹಾಕುತ್ತೇವೆ. ತಂತಿ ಇರುವಷ್ಟು ಹೊತ್ತು ಕಡ್ಡಿ ಮುರಿದರೂ ಲಿಫ್ಟ್ ನಿಲ್ಲುವುದಿಲ್ಲ, ಆ ಕಂಬ ಕುರುಡು. ಆದ್ದರಿಂದಲೇ ಕೆಂಪು ಬಟ್ಟೆ. ನನ್ನ ಗಂಡನ ಉಣ್ಣೆ ಅಂಗಿ ಹರಿದು ನಾನೇ ಮಾಡಿದ್ದು, ಮೋಟಾರ್ ಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು. ತಂತಿ ಹಾಕಿದವನ ಕೊರಳಲ್ಲಿ ಬಟ್ಟೆ. ತಂತಿ ತೆಗೆಯುವವರೆಗೆ ಕೂರುವಂತಿಲ್ಲ, ತಿನ್ನುವಂತಿಲ್ಲ, ಕಾಫಿಯ ಲೋಟ ಮುಟ್ಟುವಂತಿಲ್ಲ. ಊರೆಲ್ಲ ಗೇಲಿ ಮಾಡುತ್ತಿತ್ತು. “ಏನ್ ಮದುಮಗಾ, ಊಟ ಹಾಕ್ಸೋದು ಯಾವಾಗ?” ಎಂದು ನಿನ್ನನ್ನೇ ಎಷ್ಟು ಸಲ ರೇಗಿಸಿಲ್ಲ! ಗೇಲಿಯಾಗಲಿ ಎಂದೇ ಆ ನಿಯಮ ಮಾಡಿದ್ದು. ನಾಚಿಕೆಗಾದರೂ ಮರೆಯಬಾರದು.

ಆ ದಿನ ಅಲ್ಲಿದ್ದ ಮೂವರನ್ನು ವಿಚಾರಿಸಿದ್ದೇನೆ. ಆರ್ವೊನ ಕೊರಳಲ್ಲಿ ಬಟ್ಟೆ ಇರಲಿಲ್ಲ ಎಂದು ಮೂವರೂ ಹೇಳಿದರು. ಹಾಗಾದರೆ ಯಾರ ಕೊರಳಲ್ಲಿತ್ತು?

ಪ್ರಶಸ್ತಿ ನನಗೆ ಬೇಡ.

ಲೆಂಪಿ ರೌಟಿಯೊ


ಕಾರ್ಹು ಗುಡ್ಡ
ಮಾರ್ಚ್ 15, 2014

ಮಾನ್ಯ ಲೆಂಪಿ ಅವರಿಗೆ,

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ದೂರದಲ್ಲಿದ್ದು ಒಬ್ಬರ ಮಾತು ಮಾತ್ರ ಕೇಳಿದರೆ ಹೀಗಾಗುತ್ತದೆ.

ದಿನಚರಿ ಪುಸ್ತಕದಲ್ಲಿ ಫೆಬ್ರವರಿ 8ರ ಪುಟದಲ್ಲಿ ಆರ್ವೊ ಅವರದೇ ಕೈಬರಹವಿದೆ. ‘ಕಂಬ ಏಳು, ತಂತಿ ತೆಗೆದೆ.’ ಸಮಿತಿ ಕರೆದು ಕೇಳಿದಾಗ ಅವರು ಬಾಯಿಯೇ ಬಿಡಲಿಲ್ಲ. ಒಂದು ಗಂಟೆ ಟೋಪಿ ಮಡಿಲಲ್ಲಿಟ್ಟುಕೊಂಡು ಕೂತಿದ್ದು ಎದ್ದುಹೋದರು. ಸಮಿತಿ ಇನ್ನೇನು ತಿಳಿಯಬೇಕು? ಇದು ಮೊದಲ ಸಲವೂ ಅಲ್ಲ. 1996ರಲ್ಲಿ ಇದೇ ತಪ್ಪಿಗೆ ರಾಜ್ಯದ ತಪಾಸಣೆಯವರು ಕೊಟ್ಟ ಎಚ್ಚರಿಕೆ ಪತ್ರ ಅವರ ಕಡತದಲ್ಲಿದೆ. ಅದು ನಿಮಗೆ ಗೊತ್ತಿರುವುದೇ.

ಇನ್ನೊಂದು ಮಾತು. ತಪ್ಪು ಆಡಳಿತದ್ದು ಎಂದಾದರೆ ವಿಮೆಯವರು ಮುಂದಿನ ಚಳಿಗಾಲಕ್ಕೆ ನಮ್ಮನ್ನು ಕೈಬಿಡುತ್ತಾರೆ. ವಿಮೆ ಇಲ್ಲದೆ ಲಿಫ್ಟ್ ತಿರುಗುವುದಿಲ್ಲ. ನಲವತ್ತೆರಡು ಜನರ ಕೆಲಸ ಹೋಗುತ್ತದೆ. ಶುಕ್ರವಾರ ಇಡೀ ಶಾಲೆಯೇ ಗುಡ್ಡಕ್ಕೆ ಬರುವುದು ನಿಲ್ಲುತ್ತದೆ. ಗಣಿ ಮುಚ್ಚಿದ ಮೇಲೆ ಈ ಊರಿಗೆ ಉಳಿದಿರುವುದು ಇದೊಂದು ಗುಡ್ಡ. ಊರು ಮೊದಲು, ಆಮೇಲೆ ನಾವು ಎಂದು ಕಲಿಸಿದವರು ನೀವು.

ಗ್ರೀನ್ ಬೇಗೆ ದಯವಿಟ್ಟು ಬನ್ನಿ. ಕಾರ್ಡುಗಳು ಅಚ್ಚಾಗಿವೆ.

ವಿಶ್ವಾಸಿ
ಕ್ಲೇಟನ್ ಬೋಡ್ರಿ
ಮುಖ್ಯ ವ್ಯವಸ್ಥಾಪಕ


ಡುಲೂತ್
ಮಾರ್ಚ್ 18, 2014

ಮುಖ್ಯ ವ್ಯವಸ್ಥಾಪಕರೇ,

‘ತಂತಿ ತೆಗೆದೆ’ ಎಂದು ಬರೆದಿದ್ದಾನೆ. ‘ಹಾಕಿದೆ’ ಎಂದಲ್ಲ. ಓದಲು ಬರುತ್ತದಲ್ಲ?

ನಿನ್ನ ವಾರ್ತಾಪತ್ರದ ಮೂರನೇ ಪುಟವನ್ನು ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ತಂಗಿಯ ಭೂತಗನ್ನಡಿ ಹಿಡಿದು ನೋಡಿದೆ. ಅಧ್ಯಕ್ಷರ ಭುಜದ ಮೇಲೆ ಕೈ ಹಾಕಿ ಹಲ್ಲು ಬಿಟ್ಟು ನಿಂತಿದ್ದೀಯ. ಹೊಸ ಜಾಕೆಟ್, ಚೆನ್ನಾಗಿದೆ. ಎಡಗಡೆಯ ಜೇಬನ್ನು ನೋಡು. ನನ್ನ ಗಂಡನ ಅಂಗಿಯ ಕೆಂಪು ಚೌಕಳಿ ಎರಡು ಬೆರಳಷ್ಟು ಹೊರಗೆ ಇಣುಕುತ್ತಿದೆ.

ಚಿತ್ರಕ್ಕೆ ಚೆನ್ನಾಗಿ ಕಾಣುವುದಿಲ್ಲ ಎಂದು ಬಿಚ್ಚಿದೆ, ಅಲ್ಲವೇ? ಬಿಚ್ಚಿ ಜೇಬಿಗೆ ತುರುಕಿದೆ. ಆಮೇಲೆ ಅಧ್ಯಕ್ಷರ ಜೊತೆ ಕಾಫಿ ಕುಡಿದೆ. ತಂತಿ ಕಂಬದಲ್ಲೇ ಇತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆಯಲ್ಲೋ, ಪಾಪಿ!

ಲೆಂಪಿ


ಹ್ಯಾಮರ್ ಲೇಕ್, ಮನೆಯಿಂದ
ಏಪ್ರಿಲ್ 2, 2014

ಬಾಸ್,

ಹೌದು. ನಾನೇ. ಸಾಕೇ?

ಆ ದಿನ ಚಳಿ ಮೈನಸ್ ಇಪ್ಪತ್ತೈದು. ಬೆಳಿಗ್ಗೆ ಮೂರು ಸಲ ಲಿಫ್ಟ್ ನಿಂತಿತು. ಆರ್ವೊ ಮೇಲಿನ ನಿಲ್ದಾಣದಲ್ಲಿ ಮಂಜುಗಡ್ಡೆ ಒಡೆಯುತ್ತಿದ್ದರು. ಕೆಳಗೆ ಇನ್ನೂರು ಜನರ ಸಾಲು. ಅಧ್ಯಕ್ಷರು ಕಾಲು ಬಡಿಯುತ್ತ ನಿಂತಿದ್ದರು. ನಾನೇ ಕಂಬ ಹತ್ತಿ ತಂತಿ ಹಾಕಿದೆ, ಬಟ್ಟೆ ಕಟ್ಟಿಕೊಂಡೆ. ಚಿತ್ರ ತೆಗೆಯುವವಳು, “ಸಾರ್, ಕತ್ತಲ್ಲಿರೋ ಆ ಚಿಂದಿ ಒಂದ್ನಿಮಿಷ ತೆಗೀತೀರಾ?” ಎಂದಳು. ಒಂದು ನಿಮಿಷ ಎಂದೇ ತೆಗೆದೆ. ದೇವರಾಣೆ, ಒಂದು ನಿಮಿಷ ಎಂದೇ. ನಾಲ್ಕು ತಾಸು ಕಳೆದ ಮೇಲೆ ಹಗ್ಗ ಜಾರಿತು. ಲಿಫ್ಟ್ ನಿಲ್ಲಲಿಲ್ಲ. ಡೋರೀನ್ ಕೂಗಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಬಟ್ಟೆ ಮೇಜಿನ ಖಾನೆಯಲ್ಲಿದೆ. ಖಾನೆ ತೆರೆಯಲು ಹೆದರಿಕೆಯಾಗುತ್ತದೆ.

ಆರ್ವೊ ಬಂದು ತಂತಿ ಕಿತ್ತು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದರು. ನಾನೇ ಹೇಳಲಿ ಎಂದು ಕಾದರು. ನಾನು ಹೇಳಲಿಲ್ಲ.

ಈಗ ನನ್ನ ಸರದಿ. ನೀವೂ ಕೇಳಿ. ನನ್ನ ಕಾಗದದಲ್ಲಿ 1996ರ ಎಚ್ಚರಿಕೆ ಪತ್ರದ ಮಾತು ಬರೆದಿದ್ದೆ. ನಿಮ್ಮ ಉತ್ತರದಲ್ಲಿ ಅದರ ಬಗ್ಗೆ ಒಂದೇ ಒಂದು ಅಕ್ಷರವಿಲ್ಲ. ಭೂತಗನ್ನಡಿ ಅಲ್ಲಿ ಕೆಲಸ ಮಾಡಲಿಲ್ಲವೇ?

ನನಗೆ ಕೀಲಿಕೈ ಕೊಟ್ಟ ದಿನ ಆಫೀಸಿನಲ್ಲಿ ಮಾಂಸದ ಕಡುಬು ಪ್ಯಾಸ್ಟಿ ತಿನ್ನುತ್ತ ನೀವೇ ಹೇಳಿದ ಕಥೆ. ಆ ವರ್ಷದ ಈಸ್ಟರ್ ಶನಿವಾರ ತಂತಿ ಹಾಕಿದವರು ನೀವು. ಗಿರಾಕಿಗಳ ಮುಂದೆ ಕೊರಳಲ್ಲಿ ಚಿಂದಿ ಬೇಡ ಎಂದು ಬಟ್ಟೆ ಕಟ್ಟಿಕೊಳ್ಳದೆ, ಇಡೀ ದಿನ ಮರೆತವರು ನೀವು. ಸಂಜೆ ಆರ್ವೊ ಕಂಡು, ತೆಗೆದು, ಪುಸ್ತಕದಲ್ಲಿ ತನ್ನ ಹೆಸರು ಬರೆದರು. ಎಚ್ಚರಿಕೆ ಪತ್ರ ಅವರಿಗೆ ಬಂತು. ನೀವು ಹೊಟ್ಟೆ ಹಿಡಿದು ನಗುತ್ತ, “ಮೆಕ್ಯಾನಿಕ್ ಅಂದ್ರೆ ಹೀಗಿರ್ಬೇಕು ಕಣೋ ಕ್ಲೇಟನ್! ಬಾಸ್ ಮಾನ ಕಾಯ್ಬೇಕು!” ಎಂದಿರಿ. ಅಷ್ಟರಲ್ಲಿ ಆರ್ವೊ ಸಾಮಾನಿನ ಚೀಲ ಹಿಡಿದು ಒಳಗೆ ಬಂದರು. “ಅಲ್ವೇನೋ ಆರ್ವೊ?” ಎಂದಿರಿ. ಅವರು ಬಂದ ಹಾಗೆ ತಿರುಗಿ ಹೋದರು. ನೀವು ಅದಕ್ಕೂ ನಕ್ಕಿರಿ. ನಾನೂ ನಕ್ಕೆ.

ನೀವು ಕಲಿಸಿದ ಒಂದು ಪಾಠವನ್ನೂ ನಾನು ಬಿಟ್ಟಿಲ್ಲ ಬಾಸ್. ಇದನ್ನೂ ಬಿಡಲಿಲ್ಲ.

ಕ್ಲೇಟನ್


ಡುಲೂತ್
ಏಪ್ರಿಲ್ 19, 2014

ಕ್ಲೇಟನ್,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಮೊದಲ ದಿನ ಹರಿದು ಒಲೆಗೆ ಹಾಕಬೇಕೆನಿಸಿತು. ತಂಗಿ ಐಲಿಯನ್ನು ಕಾರಣವಿಲ್ಲದೆ ಬೈದೆ. ಅವಳು ಬಿಡಲಿಲ್ಲ. “ಯಾವ್ದೋ ಮುಳ್ಳು ಚುಚ್ಚಿದೆ ನಿಂಗೆ. ಕಿತ್ತು ಬಿಸಾಕು, ಇಲ್ಲಾಂದ್ರೆ ಈ ಮನೇಲಿ ಕಿರುಚಬೇಡ” ಎಂದಳು.

ನೀನು ಬರೆದದ್ದು ನಿಜ. ಒಂದು ಅಕ್ಷರವೂ ಸುಳ್ಳಲ್ಲ. ಅದಕ್ಕೇ ನಿನ್ನ ಮೇಲೆ ಇಷ್ಟು ಸಿಟ್ಟು ಬಂದದ್ದು. 96ರ ಮಾತು ನಿನ್ನ ಕಾಗದದಲ್ಲಿ ಕಂಡಾಗ ಕಣ್ಣು ಆ ಸಾಲನ್ನು ಹಾರಿ ಮುಂದಕ್ಕೆ ಓಡಿತು. ಹದಿನೆಂಟು ವರ್ಷದಿಂದ ಹಾರುತ್ತಲೇ ಇದೆ. ಆ ದಿನ ಯಾರಿಗೂ ಏನೂ ಆಗಲಿಲ್ಲ, ಆದ್ದರಿಂದ ನನಗದು ತಮಾಷೆಯಾಯಿತು. ಅವತ್ತೇ ಹಗ್ಗ ಜಾರಿದ್ದರೆ ನಾನು ನಿನಗಿಂತ ಒಳ್ಳೆಯವಳಾಗಿರುತ್ತಿದ್ದೆನೇ? ಗೊತ್ತಿಲ್ಲ.

ಹೋದ ಭಾನುವಾರ ಹ್ಯಾಮರ್ ಲೇಕ್‌ಗೆ ಬಂದಿದ್ದೆ. ನಿನ್ನನ್ನು ನೋಡಬೇಕೆನಿಸಲಿಲ್ಲ. ಆರ್ವೊ ಮನೆಗೆ ಹೋದೆ. ಎಲ್ಸಿ ಚರ್ಚಿಗೆ ಹೋಗಿದ್ದಳು. ಅವನು ಅಡುಗೆಮನೆಯ ಮೇಜಿನ ಮೇಲೆ ಹಳೆಯ ಗಾಲಿಯೊಂದನ್ನು ಬಿಚ್ಚಿ ಹರಡಿಕೊಂಡು ಕೂತಿದ್ದ. ಯಾವ ಲಿಫ್ಟಿಗೂ ಬೇಡದ ಗಾಲಿ. ನಾನು ಹವೆಯ ಮಾತಾಡಿದೆ, ಮಂಡಿಯ ಮಾತಾಡಿದೆ, ಕೆರೆಯ ಹಿಮ ಕರಗಿದ್ದರ ಮಾತಾಡಿದೆ. 96ರ ಮಾತು ಮಾತ್ರ ಎತ್ತಲಿಲ್ಲ. ಒಲೆಯ ಮೇಲೆ ಕಾಫಿ ಕುದಿಯುತ್ತಿತ್ತು, ಏಲಕ್ಕಿ ಹಾಕಿದ ನಿಸು ಬ್ರೆಡ್ಡಿನ ವಾಸನೆ ಮನೆ ತುಂಬಿತ್ತು. ಆದರೂ ಅವನು ನನಗೆ ಕಾಫಿ ಕೊಡಲಿಲ್ಲ. ನಮ್ಮವರ ಮನೆಯಲ್ಲಿ ಮೀಟರ್ ಓದಲು ಬಂದವನಿಗೂ ಕಾಫಿ ಕೊಡುತ್ತಾರೆ. ದುಃಖದಲ್ಲಿ ಮರೆತಿರಬೇಕು, ಪಾಪ.

ತೀರ್ಮಾನ ಮಾಡಿದ್ದೇನೆ. ಗ್ರೀನ್ ಬೇಗೆ ಬರುತ್ತೇನೆ. ಪ್ರಶಸ್ತಿಗಲ್ಲ. ಮೈಕಿನ ಮುಂದೆ 1996ರ ಕಥೆಯನ್ನು ಹೇಳುತ್ತೇನೆ, ನಗದೆ. ನಿನ್ನ ಹೆಸರು ಎತ್ತುವುದಿಲ್ಲ. ನಿನ್ನದು ನೀನೇ ಹೇಳಬೇಕು. ನಾನು ಮುಗಿಸಿದ ಮೇಲೆ ಮೈಕ್ ಅಲ್ಲೇ ಇರುತ್ತದೆ, ನೀನೂ ನನ್ನ ಪಕ್ಕದಲ್ಲೇ ಇರುತ್ತೀಯ.

ವಿಮೆ, ನಲವತ್ತೆರಡು ಕೆಲಸ, ಶಾಲೆ, ಎಲ್ಲ ಗೊತ್ತು. ಆ ಗುಡ್ಡಕ್ಕೆ ನಾನು ಮೂವತ್ತೊಂದು ವರ್ಷ ಕೊಟ್ಟಿದ್ದೇನೆ. ಆರ್ವೊನ ಬೆನ್ನಿನ ಮೇಲೆ ನಿಂತೇ ಅದು ಉಳಿಯಬೇಕೆಂದರೆ ಅಲ್ಲಿ ಮರ ಬೆಳೆಯಲಿ ಬಿಡು.

ಲೆಂಪಿ


ಡುಲೂತ್
ಮೇ 10, 2014

ಕ್ಲೇಟನ್,

ಚಪ್ಪಾಳೆ ತಟ್ಟಿದೆಯಲ್ಲೋ!

ಎರಡು ದಿನವಾಯಿತು, ಇನ್ನೂ ಮೈ ಉರಿಯುತ್ತಿದೆ. ನಾನು ಹೇಳಿದೆ. ತಂತಿ ನನ್ನದು, ಹೆಸರು ಆರ್ವೊನದು, ನಗು ನನ್ನದು ಎಂದು ಹೇಳಿದೆ. ಮುನ್ನೂರು ಜನ ಫೋರ್ಕು ಚಾಕು ಕೆಳಗಿಟ್ಟು ಕೇಳಿದರು. ಮುಗಿಸಿ ನಿನ್ನ ಕಡೆ ತಿರುಗಿದೆ. ನಿನಗಾಗಿ ಬಾಗಿಲು ತೆರೆದು ಹಿಡಿದು ನಿಂತಿದ್ದೆ, ಹೊಸಿಲು ದಾಟುವುದಷ್ಟೇ ಬಾಕಿ ಇತ್ತು. ನೀನು ಪ್ರಶಸ್ತಿ ಫಲಕವನ್ನು ಕಂಕುಳಲ್ಲಿ ಇರುಕಿಕೊಂಡು ಎರಡೂ ಕೈಯಿಂದ ಚಪ್ಪಾಳೆ ತಟ್ಟಿದೆ. ಆಮೇಲೆ ಎಲ್ಲರೂ ಎದ್ದು ನಿಂತು ತಟ್ಟಿದರು. ಕೆಳಗೆ ಮೊದಲ ಸಾಲಿನಲ್ಲಿ ನಿಮ್ಮ ಸಮಿತಿಯ ಹಿರಿಯ, “ಎಂಥಾ ದೊಡ್ಡ ಮನಸ್ಸು ನೋಡ್ರೀ!” ಎಂದದ್ದು ನನಗೆ ಕೇಳಿಸಿತು. ದೊಡ್ಡ ಮನಸ್ಸು! ಆರ್ವೊನ ಹೆಸರಿನ ಚೀಟಿ ಬಾಗಿಲಿಗೆ ಹೊಡೆಸಿದ ಮನುಷ್ಯ ಅವನು.

ಸುಳ್ಳೇಕೆ ಹೇಳಲಿ, ಆ ಚಪ್ಪಾಳೆ ಕೇಳಿ ನನಗೂ ಒಂದು ಕ್ಷಣ ಹಿತವಾಯಿತು. ಮೈ ಹಗುರಾಯಿತು. ನನ್ನ ಪಾಲಿನದು ತೀರಿತು ಎನಿಸಿತು. ಉಳಿದದ್ದು ನಿನ್ನದು.

ಫಲಕವನ್ನು ಔತಣದಲ್ಲಿ ನಿನ್ನ ಮೇಜಿನ ಮೇಲೆ ಬಿಟ್ಟುಬಂದದ್ದು ಮರೆವಿನಿಂದಲ್ಲ. ಇಟ್ಟುಕೊ. ಖಾನೆಯಲ್ಲಿ ಬಟ್ಟೆಯ ಪಕ್ಕದಲ್ಲಿ ಜಾಗವಿದೆಯಲ್ಲ.

ಇನ್ನು ಬರೆಯುವುದಿಲ್ಲ.

ಲೆಂಪಿ ರೌಟಿಯೊ


ಹ್ಯಾಮರ್ ಲೇಕ್
ಜೂನ್ 5, 2014

ಲೆಂಪಿ,

ಕಾಗದ ಬರೆದು ನನಗೆ ಅಭ್ಯಾಸವಿಲ್ಲ. ಎಲ್ಸಿ ತಿದ್ದಿಕೊಡುತ್ತೇನೆ ಎಂದಳು. ಬೇಡ ಎಂದೆ.

ಹೋದ ವಾರ ಕ್ಲೇಟನ್ ಬಂದ. ಕೊರಳಲ್ಲಿ ಕೆಂಪು ಬಟ್ಟೆ. ಎಲ್ಸಿ ಕಾಫಿ ತಂದಳು. “ಬೇಡಮ್ಮ. ತಂತಿ ಇನ್ನೂ ಅಲ್ಲೇ ಇದೆ” ಎಂದ. ನನಗೆ ಹೇಳಿದ. ನನಗೆ ಗೊತ್ತಿದ್ದದ್ದೇ. “ಊರಿಗೆ ಹೇಳು” ಎಂದೆ.

ಆರು ದಿನ ಬಟ್ಟೆ ಕಟ್ಟಿಕೊಂಡೇ ತಿರುಗಿದ. ಅಂಚೆ ಕಚೇರಿ, ಪೆಟ್ರೋಲ್ ಬಂಕು, ಹಾರ್ಡ್‌ವೇರ್ ಅಂಗಡಿ. “ಏನೋ ಮದುಮಗಾ, ಬೇಸಿಗೇಲಿ ಎಂಥಾ ತಂತಿ?” ಎಂದು ಎಲ್ಲರೂ ಕೇಳಿದರು. ಕೇಳಿದವರಿಗೆಲ್ಲ ನಿಂತು ಹೇಳಿದ. ಡೋರೀನ್ ಮನೆಗೂ ಹೋದ. ಅವಳು ಊರುಗೋಲು ಎಸೆದಳಂತೆ. ಗುರಿ ತಪ್ಪಿತು. ಇವನೇ ಎತ್ತಿ ಕೈಗೆ ಕೊಟ್ಟನಂತೆ. ಮತ್ತೆ ಎಸೆದಳಂತೆ.

ಮಂಗಳವಾರ ಸಮಿತಿಯಲ್ಲಿ ಹೇಳಿದ. ಕೀಲಿಕೈ ಇಟ್ಟು ಹೋಗು ಎಂದರು. ಬಾಗಿಲಿನ ಚೀಟಿಯನ್ನು ತಾನೇ ಕಿತ್ತ. ವಿಮೆ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಡಿಸೆಂಬರಿಗೆ ಲಿಫ್ಟ್ ತಿರುಗುತ್ತದೋ ಇಲ್ಲವೋ ಗೊತ್ತಿಲ್ಲ. ನನ್ನನ್ನು ವಾಪಸು ಕರೆದಿದ್ದಾರೆ. ಏಳನೇ ಕಂಬದ ಗಾಲಿ ಬದಲಾಯಿಸಲು ಹೋಗುತ್ತೇನೆ. ಅದು ಯಾರಾದರೂ ಮಾಡಲೇಬೇಕಾದ ಕೆಲಸ.

ಆ ಸಂಜೆ ಅವನು ಇಲ್ಲಿಗೆ ಬಂದು ಬಟ್ಟೆ ಬಿಚ್ಚಿದ. ಎರಡು ಲೋಟ ಕಾಫಿ ಕುಡಿದ. ಅತ್ತ.

ಈಗ ನಿನ್ನ ವಿಷಯ. ಏಪ್ರಿಲಿನಲ್ಲಿ ನೀನು ಬಂದಾಗ ನಾನು ಕಾಫಿ ಕೊಡಲಿಲ್ಲ. ಮರೆತದ್ದಲ್ಲ.

ಗ್ರೀನ್ ಬೇಯಲ್ಲಿ ಹೇಳಿದೆಯಂತೆ, ಕ್ಲೇಟನ್ ಹೇಳಿದ. ಜನ ಎದ್ದು ನಿಂತರಂತೆ. ಗ್ರೀನ್ ಬೇಯಲ್ಲಿ ನನ್ನ ಗುರುತು ಯಾರಿಗಿದೆ? ಅಲ್ಲಿನ ಹಾರ್ಡ್‌ವೇರ್ ಅಂಗಡಿಗೆ ನಾನು ಹೋಗುವುದಿಲ್ಲ. ಹ್ಯಾಮರ್ ಲೇಕ್‌ನಲ್ಲಿ ಇವತ್ತಿಗೂ 96ರ ತಂತಿ ಮರೆತವನು ಆರ್ವೊ. ಒಂದು ಸಲ ಮರೆತವನು ಇನ್ನೊಂದು ಸಲ ಮರೆತಿರುತ್ತಾನೆ ಎಂದೇ ಫೆಬ್ರವರಿಯಲ್ಲಿ ಎಲ್ಲರೂ ಅಷ್ಟು ಸಲೀಸಾಗಿ ನಂಬಿದ್ದು. ಆ ಹುಡುಗ ಬಾಯಿಬಿಟ್ಟು ಸುಳ್ಳು ಹೇಳಬೇಕಾಗಿಯೂ ಬರಲಿಲ್ಲ. ಸುಮ್ಮನಿದ್ದು ಚೀಟಿಗೆ ಸಹಿ ಹಾಕಿದರೆ ಸಾಕಾಗಿತ್ತು.

ಹದಿನೆಂಟು ವರ್ಷ ನಿನಗೆ ಏನೂ ಅನ್ನಲಿಲ್ಲ. ಅದು ನನ್ನ ತಪ್ಪು. ಈಗ ಅನ್ನುತ್ತಿದ್ದೇನೆ. ನನಗೆ ನಿನ್ನ ಮೇಲೆ ತುಂಬಾ ಸಿಟ್ಟಿದೆ.

ಬಟ್ಟೆಯನ್ನು ಎಲ್ಸಿ ಒಗೆದಿದ್ದಾಳೆ. ನಮ್ಮ ಮುಂಬಾಗಿಲ ಮೊಳೆಗೆ ಹಾಕಿದ್ದೇನೆ. ಬಂದು ಕಟ್ಟಿಕೊ. ಮೊದಲು ಊರು ಸುತ್ತಿ ಬಾ, ಮಂಡಿ ನೋವಿದ್ದರೆ ನಿಧಾನವಾಗಿ ಸುತ್ತು.

ಕಾಫಿ ಆಮೇಲೆ.

ಆರ್ವೊ